ಮನೆಯಲ್ಲೇ ಮಾಡಿದ ಬೋರ್ಡಿನ ಕೊನೆಯ ಕೋಟ್: ಜಿಡ್ಡು, ಗುಳ್ಳೆ, ಹೊಳಪು

ಕೇಳಿದವರು, ಸುರತ್ಕಲ್

ಮನೆಯ ಹಿಂದಿನ ಶೆಡ್ಡಿನಲ್ಲಿ ನೀರಿನ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಒಂದನ್ನು ಮಾಡಿದ್ದೇನೆ. ಹತ್ತೂವರೆ ಅಡಿ ಉದ್ದ. ಒಳಗೆ ಥರ್ಮಾಕೋಲ್, ಮೇಲೆ 200 ಜಿಎಸ್‌ಎಂ ಗ್ಲಾಸ್ ಬಟ್ಟೆ (ಚದರ ಮೀಟರಿಗೆ 200 ಗ್ರಾಂ ತೂಗುವ ಫೈಬರ್ ಗ್ಲಾಸ್) ಎರಡು ಪದರ, ಎಪಾಕ್ಸಿ ಅಂದರೆ ಹಾರ್ಡ್ನರ್ ಕಲೆಸಿದರೆ ಗಟ್ಟಿಯಾಗುವ ರೆಸಿನ್. ನೇಯ್ಗೆ ಮುಚ್ಚಲಿ ಅಂತ ಮೊನ್ನೆ ಬೆಳಿಗ್ಗೆ ಇನ್ನೊಂದು ಕೋಟ್ ಎಳೆದೆ. ಎರಡು ದಿನ ಆದರೂ ಮೈ ಜಿಡ್ಡು ಜಿಡ್ಡು. ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಸೂಜಿ ಚುಚ್ಚಿದಂಥ ತೂತು. ಉಜ್ಜಲು ಹೋದರೆ ಎರಡೇ ನಿಮಿಷಕ್ಕೆ ಸ್ಯಾಂಡ್ ಪೇಪರ್ ಮೆತ್ತಿಕೊಳ್ಳುತ್ತದೆ. ಕಾರಿನ ಹಾಗೆ ಹೊಳೆಯಬೇಕು ಅಂತ ಆಸೆ. ಹಾರ್ಡ್ನರ್ ಸ್ವಲ್ಪ ಜಾಸ್ತಿ ಹಾಕಿ ಮತ್ತೊಂದು ಕೋಟ್ ಕೊಟ್ಟರೆ ಸರಿಹೋಗಬಹುದಾ? ಮಾಡಿ ಗೊತ್ತಿದ್ದವರು ಹೇಳಿ.

ಮೂಲ್ಕಿಯಿಂದ

ಮೊದಲು ಆ ಹಾರ್ಡ್ನರ್ ಡಬ್ಬಿಯನ್ನು ಒಳಗಿಡಿ ಮಾರಾಯ್ರೆ. ಜಾಸ್ತಿ ಹಾಕುವುದು ಪಾಲಿಯೆಸ್ಟರ್ (ದೋಣಿಗೆ ಬಳಸುವ ಇನ್ನೊಂದು ಬಗೆಯ ರೆಸಿನ್) ಕೆಲಸದ ಅಭ್ಯಾಸ. ಅಲ್ಲಿ ಕ್ಯಾಟಲಿಸ್ಟನ್ನು ಒಂದು ಪರ್ಸೆಂಟಿನಿಂದ ಎರಡಕ್ಕೆ ಏರಿಸಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ. ಹಾರ್ಡ್ನರ್ ಮತ್ತು ರೆಸಿನ್ ಲೆಕ್ಕ ಹಾಕಿ ಜೋಡಿಯಾಗುವಂಥವು. ಹೆಚ್ಚಾದದ್ದಕ್ಕೆ ಜೋಡಿ ಸಿಗದೆ ಹಾಗೇ ಉಳಿದು ಮೈ ಮೆತ್ತಗಾಗುತ್ತದೆ.

ಈಗ ಉಗುರು ಊರಿ ನೋಡಿ. ಉಗುರಿನ ಗುರುತು ಒಳಕ್ಕೆ ಇಳಿದರೆ ಅಳತೆಯೋ ಕಲೆಸಿದ್ದೋ ತಪ್ಪಿದೆ, ಆ ಕೋಟನ್ನು ಕೆರೆದು ತೆಗೆಯುವುದೇ ದಾರಿ. ಕೆಳಗೆ ಗಟ್ಟಿ, ಮೇಲೆ ಮಾತ್ರ ಜಿಡ್ಡು ಅಂತಾದರೆ ನಿಮ್ಮ ರೆಸಿನ್ ಗಟ್ಟಿಯಾಗಿದೆ, ಬಂದಿರುವುದು ಬ್ಲಶ್. ಹಾರ್ಡ್ನರಿನಲ್ಲಿರುವ ಅಮೈನ್ ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ನಮ್ಮ ಕಡಲ ಬದಿಯ ಹವೆಗೆ ಇದು ಬಾರದಿದ್ದರೇ ಆಶ್ಚರ್ಯ. ಈ ಪೊರೆ ನೀರಿಗೆ ಬಿಡುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್. ತಿಕ್ಕಿ, ನೀರು ಒಣಗುವ ಮೊದಲೇ ಬಿಳಿ ಬಟ್ಟೆಯಲ್ಲಿ ಒರೆಸಿ. ಎರಡು ಸಲ ಮಾಡಿ. ಥಿನ್ನರ್ ಬೇಡ, ಅದರಲ್ಲಿ ಪೊರೆ ಹೋಗುವುದಿಲ್ಲ, ಹರಡಿಕೊಳ್ಳುತ್ತದೆ ಅಷ್ಟೆ.

ತೊಳೆಯದೆ ಉಜ್ಜಿದರೆ ಆ ಮೇಣವನ್ನು ಗೀರುಗಳ ಒಳಗೆ ತುಂಬಿದ ಹಾಗೆ. ನನ್ನ ಎರಡನೇ ಬೋರ್ಡಿಗೆ ನಾನು ಮಾಡಿದ್ದು ಅದನ್ನೇ. ಪೇಂಟ್ ಚೆನ್ನಾಗಿಯೇ ಕೂತಿತ್ತು. ಮುಂದಿನ ಮಳೆಗಾಲಕ್ಕೆ ಹಾಳೆ ಹಾಳೆಯಾಗಿ ಎದ್ದು ಬಂತು.

ಮರವಂತೆಯಿಂದ

ಗುಳ್ಳೆಯ ಕಾರಣ ನೀವೇ ಬರೆದಿದ್ದೀರಿ, "ಬೆಳಿಗ್ಗೆ" ಅಂತ. ಥರ್ಮಾಕೋಲಿನ ಮಣಿಗಳ ನಡುವೆ ಗಾಳಿ ಇರುತ್ತದೆ. ಬಿಸಿಲೇರಿದ ಹಾಗೆ ಅದು ಹಿಗ್ಗಿ, ನೇಯ್ಗೆಯಲ್ಲಿ ರೆಸಿನ್ ತುಂಬದ ಸಂದಿಗಳಿಂದ ಹೊರಟು, ಹಸಿ ಕೋಟಿನಲ್ಲಿ ಗುಳ್ಳೆ ಮಾಡುತ್ತದೆ. ಹೊತ್ತು ಇಳಿಯುವಾಗ ಕೋಟ್ ಕೊಡಿ. ಒಳಗಿನ ಗಾಳಿ ಕುಗ್ಗುತ್ತಾ ಹೋಗುವುದರಿಂದ ರೆಸಿನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ಬೋರ್ಡ್ ಮಾಡುವುದಿದ್ದರೆ ಬಟ್ಟೆ ಹಾಸುವ ಮೊದಲೇ ಎಪಾಕ್ಸಿಗೆ ಮೈಕ್ರೋಬಲೂನ್ (ಟೊಳ್ಳು ಮಣಿಗಳ ಹಗುರ) ಪುಡಿ ಕಲೆಸಿ ಥರ್ಮಾಕೋಲಿನ ಮೇಲೆ ತೆಳ್ಳಗೆ ಸವರಿಬಿಡಿ, ಸಂದಿಗಳೆಲ್ಲ ಮುಚ್ಚುತ್ತವೆ.

ಮೂಲ್ಕಿಯಿಂದ

ಮರವಂತೆಯವರು ಹೇಳಿದ್ದು ಸರಿಯೇ, ಆದರೆ ಸಂಜೆ ತಂಪಾದ ಹಾಗೆ ತೇವ ಏರುತ್ತದಲ್ಲ. ಗುಳ್ಳೆ ತಪ್ಪಿಸಲು ಹೋದರೆ ಬ್ಲಶ್, ಬ್ಲಶ್ ತಪ್ಪಿಸಲು ಹೋದರೆ ಗುಳ್ಳೆ. ಇದಕ್ಕೆ ನಾನು ಮಾಡುವುದು ಇಷ್ಟು: ಮಧ್ಯಾಹ್ನ ಶೆಡ್ಡಿನ ಶೀಟಿನ ಕೆಳಗಿನ ಸೆಕೆಗೆ ಬೋರ್ಡ್ ಚೆನ್ನಾಗಿ ಬಿಸಿಯಾಗಲಿ. ಮೂರು ಗಂಟೆಗೆ ಅದನ್ನು ಮನೆಯೊಳಗಿನ ತಂಪು ಕೋಣೆಗೆ ತಂದು, ಕಿಟಕಿ ಮುಚ್ಚಿ ಕೋಟ್ ಕೊಡುವುದು. ಬೋರ್ಡ್ ತಣಿಯುತ್ತದೆ, ಹೊರಗಿನ ಸಂಜೆಯ ತೇವ ಒಳಗೆ ಬರುವುದಿಲ್ಲ. ಮಾಸ್ಕ್ ಮಾತ್ರ ಬೇಕೇ ಬೇಕು. ಮನೆಯವರ ಬೈಗುಳಕ್ಕೆ ನನ್ನಲ್ಲಿ ಉಪಾಯ ಇಲ್ಲ.

ಮಲ್ಪೆಯಿಂದ, ದೋಣಿಯ ಫೈಬರ್ ಕೆಲಸ

ಯಾರಾದರೂ ದೋಣಿಯ ಹೊರಮೈಗೆ ಹಾಕುವ ಪಾಲಿಯೆಸ್ಟರ್ ಕೋಟ್ ಆದ ಜೆಲ್‌ಕೋಟ್ ಹೊಡೆಸಿ ಅಂದರೆ ಕೇಳಬೇಡಿ. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ನೆಟ್ಟಗೆ ಹಿಡಿಯುವುದಿಲ್ಲ. ಅದರಲ್ಲಿರುವ ಸ್ಟೈರೀನ್ ಎಲ್ಲಾದರೂ ತೂತಿನಿಂದ ಥರ್ಮಾಕೋಲಿಗೆ ಇಳಿದರೆ ಒಳಗೆ ಕರಗಿ ಗುಹೆ ಆಗುತ್ತದೆ.

ಹೊಳಪಿನ ವಿಷಯ. ನಮ್ಮ ದೋಣಿಗಳು ಹೊಳೆಯುತ್ತವೆ ಅಂತ ನೋಡಿರುತ್ತೀರಿ. ಆ ಹೊಳಪು ಅಚ್ಚಿನದು. ಅಚ್ಚನ್ನು ಒಮ್ಮೆ ಕನ್ನಡಿಯ ಹಾಗೆ ಪಾಲಿಶ್ ಮಾಡಿ ವ್ಯಾಕ್ಸ್ ಹಾಕಿದರೆ ಅದರಿಂದ ಎಷ್ಟು ದೋಣಿ ತೆಗೆದರೂ ಹೊಳೆಯುತ್ತದೆ. ನಿಮಗೆ ಅಚ್ಚು ಇಲ್ಲ, ಹೊರಗಿನಿಂದಲೇ ಉಜ್ಜಿ ತರಬೇಕು. ಅಷ್ಟು ರಟ್ಟೆ ಶಕ್ತಿ ಉಂಟಾ ನೋಡಿಕೊಳ್ಳಿ. ಉಜ್ಜುವಾಗ ನೀರು ಹಾಕಿಯೇ ಉಜ್ಜಿ. ಗ್ಲಾಸಿನ ಧೂಳು ಒಳ್ಳೆಯದಲ್ಲ. ಕೈಗೆ ತುರಿಕೆ ಬಂದರೆ ತಣ್ಣೀರಿನಲ್ಲಿ ತೊಳೆಯಿರಿ, ಬಿಸಿ ನೀರು ಬೇಡ.

ಜರ್ಮನಿಯ ಕೀಲ್‌ನಿಂದ, ಊರು ಕಾರವಾರ

ನಾನು ಇಲ್ಲಿ ಕೈಟ್ ಬೋರ್ಡ್ ಮಾಡಿಕೊಳ್ಳುತ್ತೇನೆ. ಮುಂದಿನ ಸಲ ಬಟ್ಟೆ ಹಾಸಿದ ಮೇಲೆ ಪೀಲ್ ಪ್ಲೈ ಹಾಸಿ ನೋಡಿ. ರೆಸಿನಿಗೆ ಅಂಟದ ನೈಲಾನ್ ಬಟ್ಟೆ ಅದು. ಗಟ್ಟಿಯಾದ ಮೇಲೆ ಸಿಪ್ಪೆಯ ಹಾಗೆ ಎಳೆದರೆ ಬ್ಲಶ್ ಅದರ ಜೊತೆಗೇ ಬರುತ್ತದೆ, ಕೆಳಗೆ ಮುಂದಿನ ಕೋಟಿಗೆ ಬೇಕಾದ ತರಿತರಿ ಮೈ ಸಿಗುತ್ತದೆ. ಉಜ್ಜುವ ಕೆಲಸ ಅರ್ಧ ಕಡಿಮೆಯಾಯಿತು.

ನಿಲ್ಲುವ ಜಾಗಕ್ಕೆ ಪ್ಯಾಡ್ ಅಂಟಿಸುವ ಯೋಚನೆ ಇಲ್ಲದಿದ್ದರೆ, ಹಸಿ ಪೇಂಟಿನ ಮೇಲೆ ಸಕ್ಕರೆ ಉದುರಿಸಿ, ಗಟ್ಟಿಯಾದ ಮೇಲೆ ನೀರು ಹಾಕಿ ತೊಳೆಯಿರಿ. ಸಕ್ಕರೆ ಕರಗಿ ಸಣ್ಣ ಸಣ್ಣ ಗುಳಿ ಉಳಿಯುತ್ತದೆ, ಕಾಲು ಜಾರುವುದಿಲ್ಲ. ಇರುವೆ ಬರುವ ಮೊದಲು ತೊಳೆಯಿರಿ!

ಕೇಳಿದವರು, ಐದು ದಿನದ ಮೇಲೆ

ಬ್ಲಶ್ಶೇ ಆಗಿತ್ತು. ತೊಳೆದ ಮೇಲೆ ಪೇಪರ್ ಹಿಟ್ಟಿನ ಹಾಗೆ ಪುಡಿ ತೆಗೆಯುತ್ತಿದೆ. ಆದರೆ ಬದಿಯ ತಿರುವಿನಲ್ಲಿ ಮೆಷಿನ್ ಹಿಡಿದು ಬಟ್ಟೆಯನ್ನೇ ಕತ್ತರಿಸಿಬಿಟ್ಟೆ. ಒಂದು ಗೇಣು ಉದ್ದಕ್ಕೆ ಬೆಳ್ಳಗೆ ನೇಯ್ಗೆ ಕಾಣುತ್ತಿದೆ. ಹಾಗೇ ಪೇಂಟ್ ಮಾಡಬಹುದಾ?

ಮೂಲ್ಕಿಯಿಂದ

ಬೇಡ. ತುಂಡಾದ ಎಳೆಗಳ ಗುಂಟ ನೀರು ಒಳಗೆ ಹೋಗುತ್ತದೆ. ಸುತ್ತ ಎರಡು ಬೆರಳಗಲ 120 ನಂಬರ್ ಪೇಪರಿನಲ್ಲಿ ಉಜ್ಜಿ, ಒಂದು ಪದರ ಬಟ್ಟೆಯ ತೇಪೆ ಹಾಕಿ, ಮೇಲೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಎಳೆದು ಟೇಪ್ ಅಂಟಿಸಿ. ಮಾರನೇ ದಿನ ಶೀಟ್ ಬಿಡಿಸಿದರೆ ನುಣುಪಾಗಿ ಬಂದಿರುತ್ತದೆ. ಇನ್ನು ಬದಿಗೆ ಮೆಷಿನ್ ಹಿಡಿಯಲೇಬೇಡಿ. ಅಲ್ಲಿ ಕೈ, ಹಿಂದೆ ಮೆತ್ತನೆ ಸ್ಪಂಜು. ಸಮತಟ್ಟು ಜಾಗಕ್ಕೆ ಮಾತ್ರ ಗಟ್ಟಿ ಮರದ ತುಂಡು.

ಉಜ್ಜುವ ಮೊದಲು ಇಡೀ ಮೈಗೆ ಪೆನ್ಸಿಲಿನಲ್ಲಿ ಗೀಚಿಬಿಡಿ. ಉಜ್ಜಿದ ಮೇಲೆ ಪೆನ್ಸಿಲ್ ಉಳಿದ ಕಡೆ ತಗ್ಗು. ಆ ತಗ್ಗಿಗಾಗಿ ಸುತ್ತಲಿನದನ್ನೆಲ್ಲ ಇಳಿಸಲು ಹೋಗಬೇಡಿ, ಒಳಗಿನ ಬಟ್ಟೆ ಹೊರಗೆ ಕಾಣುವುದು ಹಾಗೆಯೇ. ತಗ್ಗಿಗೆ ಮೈಕ್ರೋಬಲೂನ್ ಪುಟ್ಟಿ ಹಾಕಿ, ಅದರ ಮೇಲೆ ಮತ್ತೆ ತೆಳು ಎಪಾಕ್ಸಿ. ಬರೀ ಪುಟ್ಟಿ ನೀರು ಕುಡಿಯುತ್ತದೆ. ತೂತುಗಳಿಗೂ ಅದೇ, ಬ್ಲೇಡಿನಲ್ಲಿ ಒತ್ತಿ ತುಂಬಿ.

ಆಮೇಲೆ 120, 220, ನೀರು ಹಾಕಿ 400 ನಂಬರ್ ಪೇಪರ್ (ನಂಬರ್ ಏರಿದಷ್ಟೂ ನುಣುಪು). ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಕಾರಿನ ಹೊಳಪು ಬೇಕಾದರೆ ಇನ್ನೊಂದು ಕೋಟ್ ಕೊಟ್ಟು, 600ರಿಂದ 2000 ನಂಬರಿನವರೆಗೆ ವಾಟರ್ ಪೇಪರ್ ಹಿಡಿದು, ಪಾಲಿಶಿನ ಕಂಪೌಂಡ್ ಹಾಕಿ ಬಫ್ ಮಾಡಬೇಕು. ಲೆಕ್ಕ ಹಾಕಿ: ನಿಮ್ಮ ಬೋರ್ಡಿನ ಮೇಲೆ ಕೆಳಗೆ ಎರಡೂ ಮೈ ಸೇರಿ ಸುಮಾರು ನಾಲ್ಕೂವರೆ ಚದರ ಮೀಟರ್. ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ ಕೋಟ್ ಅಂದರೂ ಅರ್ಧ ಕಿಲೋ ಭಾರ. ಅಷ್ಟೆಲ್ಲ ಮಾಡಿ ಮರಳಿನ ಮೇಲೆ ಎಳೆದರೆ ಮೊದಲ ದಿನವೇ ಗೀರು.

ಪೇಂಟ್ ಮಾತ್ರ ಬಿಡಬೇಡಿ, ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಹಾಳಾಗುತ್ತದೆ. ಬಿಳಿ ಟೂ-ಕೆ (ಎರಡು ಭಾಗ ಕಲೆಸಿ ಹೊಡೆಯುವ) ಪಾಲಿಯುರೇಥೇನ್ ಪೇಂಟ್ ಹೊಡೆಸಿ. ಕಪ್ಪು ಬೇಡ, ಕಾದ ಬೋರ್ಡಿನಲ್ಲಿ ಬಟ್ಟೆ ಥರ್ಮಾಕೋಲಿನಿಂದ ಬಿಟ್ಟು ಉಬ್ಬುತ್ತದೆ. ಆ ಪೇಂಟಿನಲ್ಲಿ ಉಸಿರಿಗೆ ಅಪಾಯವಾದ ಐಸೊಸೈನೇಟ್ ಇರುವುದರಿಂದ ಮನೆಯಲ್ಲಿ ಸ್ಪ್ರೇ ಮಾಡುವುದು ಬೇಡ. ಬೂತ್ ಇರುವ ಕಾರ್ ಪೇಂಟಿಂಗ್ ಗ್ಯಾರೇಜಿಗೆ ಕೊಂಡುಹೋಗಿ.

ಕೇಳಿದವರು

ತೇಪೆ ಕೂತಿತು. ಪೆನ್ಸಿಲ್ ಗೀಚಿದ ಮೇಲೆ ನೋಡಿದರೆ ಬಲಬದಿಯಲ್ಲಿ ಅಂಗೈ ಅಗಲದ ಮೂರು ತಗ್ಗು, ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. 400ರಲ್ಲೇ ನಿಲ್ಲಿಸುತ್ತೇನೆ. ಗ್ಯಾರೇಜಿನವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಗಾಡಿಯ ಬಾನೆಟ್?"