ಡಸ್ಟ್ ಮೈಟ್ ಅಲರ್ಜಿ: ಬಿಸಿಲಿಲ್ಲದ ಮಳೆಗಾಲದಲ್ಲಿ ಹಾಸಿಗೆಗೆ ಏನು ಮಾಡುವುದು?

ಹೆಂಚಿನಮನೆ, ಮಂಗಳೂರು:
ಮಗನಿಗೆ 8 ವರ್ಷ. ಬೆಳಿಗ್ಗೆ ಏಳುತ್ತಲೇ ಸಾಲು ಸೀನು, ಮೂಗು ಕಟ್ಟುತ್ತದೆ, ಕಣ್ಣು ತುರಿಸುತ್ತದೆ. ಸ್ಕಿನ್ ಪ್ರಿಕ್ ಟೆಸ್ಟ್‌ನಲ್ಲಿ (ಚರ್ಮಕ್ಕೆ ಚುಚ್ಚಿ ಅಲರ್ಜಿ ನೋಡುವ ಪರೀಕ್ಷೆ) ಎರಡು ಜಾತಿಯ ಡಸ್ಟ್ ಮೈಟ್‌ಗೆ (ಹಾಸಿಗೆಯ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಹುಳು) ಅಲರ್ಜಿ ಕಂಡಿದೆ: ಡರ್ಮಟೋಫಗಾಯ್ಡಿಸ್ ಟೆರೊನಿಸಿನಸ್‌ಗೆ 6 ಮಿ.ಮೀ., ಬ್ಲೋಮಿಯಾ ಟ್ರೊಪಿಕಾಲಿಸ್‌ಗೆ 5 ಮಿ.ಮೀ. ದದ್ದು ಬಂದಿದೆ. ಮಲಗುವುದು ಹತ್ತಿ ಹಾಸಿಗೆಯಲ್ಲಿ. ದಿನಕ್ಕೆರಡು ಸಲ ಗುಡಿಸಿ ಒರೆಸಿದರೂ ವ್ಯತ್ಯಾಸವಿಲ್ಲ. ಕವರ್, ಮೈಟ್ ಕೊಲ್ಲುವ ಸ್ಪ್ರೇ, ಏರ್ ಪ್ಯೂರಿಫೈಯರ್, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಎಲ್ಲ ಒಟ್ಟಿಗೆ ಕೊಳ್ಳಲಾಗುವುದಿಲ್ಲ. ಯಾವುದು ಮೊದಲು?

ಅಲರ್ಜಿಕ್ಲಿನಿಕ್:
ಮೊದಲು ದಿಂಬಿಗೆ, ಆಮೇಲೆ ಹಾಸಿಗೆಗೆ ಜಿಪ್ ಇರುವ ಕವರ್. ಅಲರ್ಜಿ ತರುವುದು ಮುಖ್ಯವಾಗಿ ಮೈಟ್‌ನ ಹಿಕ್ಕೆ. ಅದರಲ್ಲಿರುವ ಡರ್ ಪಿ 1 ಎಂಬ ಕಿಣ್ವ ಮೂಗಿನ ಒಳಪದರದ ಜೀವಕೋಶಗಳ ನಡುವಿನ ಬೆಸುಗೆಯನ್ನೇ ಬಿಡಿಸಿ ಒಳಗೆ ನುಗ್ಗುತ್ತದೆ. ಹಿಕ್ಕೆಯ ಕಣ ಸುಮಾರು 20 ಮೈಕ್ರಾನ್, ಭಾರ. ಹಾಸಿಗೆ ಅಲುಗಿದಾಗ ಮೇಲೇಳುತ್ತದೆ, ಅರ್ಧ ಗಂಟೆಯೊಳಗೆ ಬಹುಪಾಲು ಕೆಳಗಿಳಿಯುತ್ತದೆ. ರಾತ್ರಿಯಿಡೀ ದಿಂಬಿಗೆ ಮೂಗು ಒತ್ತಿ ಮಲಗಿದ ಮಗುವಿಗೆ ಮೂಲೆಯಲ್ಲಿಟ್ಟ ಪ್ಯೂರಿಫೈಯರ್ ಏನು ಮಾಡೀತು? ನೆಲ ಎಷ್ಟೇ ಒರೆಸಿದರೂ ಸೀನು ನಿಲ್ಲದಿರುವುದಕ್ಕೂ ಇದೇ ಕಾರಣ.

ಕವರ್‌ನ ನೇಯ್ಗೆಯ ರಂಧ್ರ 10 ಮೈಕ್ರಾನ್‌ಗಿಂತ ಚಿಕ್ಕದಿರಬೇಕು. ಆರೂ ಬದಿ ಮುಚ್ಚಬೇಕು, ಮೇಲೆ ಮಾತ್ರ ಹೊದಿಸುವ ಪ್ರೊಟೆಕ್ಟರ್ ಸಾಲದು. ಜಿಪ್ ಕೊನೆಯಲ್ಲಿ ಉಳಿಯುವ ಸಂದಿಗೆ ಟೇಪ್ ಅಂಟಿಸಿ. ಅದೇ ಕೋಣೆಯಲ್ಲಿ ನೀವೂ ಮಲಗುವುದಾದರೆ ನಿಮ್ಮ ಹಾಸಿಗೆಗೂ ಹಾಕಿ. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ದುಡ್ಡು ದಂಡ.

ಬಟ್ಟೆಬಕೆಟ್:
ಕವರ್ ಮೇಲಿನ ಬೆಡ್‌ಶೀಟ್, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ತಣ್ಣೀರಲ್ಲಿ ಒಗೆದರೆ ಹಿಕ್ಕೆಯ ಪ್ರೋಟೀನ್ ಬಹುಪಾಲು ಕರಗಿ ಹೋಗುತ್ತದೆ, ಆದರೆ ಮೈಟ್ ಬದುಕಿಕೊಳ್ಳುತ್ತದೆ. ಬಿಸಿನೀರಿನ ಮಷಿನ್ ಇಲ್ಲದಿದ್ದರೆ ಕುದಿಯುವ ನೀರು ಎರಡು ಪಾಲು, ನಲ್ಲಿ ನೀರು ಒಂದು ಪಾಲು ಬೆರೆಸಿ. 75 ಡಿಗ್ರಿ ಆಸುಪಾಸು ಇರುತ್ತದೆ, ಬಟ್ಟೆ ಮುಳುಗಿಸಿದಾಗ ಇಳಿಯುತ್ತದೆ. ಮುಚ್ಚಿ ಅರ್ಧ ಗಂಟೆ ಬಿಟ್ಟು ಒಗೆದು, ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿ. ಬಣ್ಣ ಬಿಡುವ ಬಟ್ಟೆ ಬೇರೆ ಇಡಿ, ಆ ಬಕೆಟ್ ಹತ್ತಿರ ಮಗು ಸುಳಿಯದಿರಲಿ.

ಬೊಂಬೆ, ಉಣ್ಣೆಯ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ (ಮೈನಸ್ 18) ಎರಡು ದಿನ ಇಟ್ಟು, ಆಮೇಲೆ ತಣ್ಣೀರಲ್ಲಿ ಒಗೆಯಿರಿ. ಒಗೆಯದೆ ಬಿಟ್ಟರೆ ಸತ್ತ ಮೈಟ್, ಹಿಕ್ಕೆ ಎರಡೂ ಅಲ್ಲೇ ಉಳಿಯುತ್ತವೆ. ಸ್ಪ್ರೇಯ ತೊಂದರೆಯೂ ಇದೇ.

ಹೆಂಚಿನಮನೆ:
ಉಪಕಾರವಾಯಿತು. ಹಾಗಾದರೆ ಡಿಹ್ಯುಮಿಡಿಫೈಯರ್? ಕೋಣೆಗೆ ಸೀಲಿಂಗ್ ಇಲ್ಲ, ಹೆಂಚಿನ ಸಂದಿಯಿಂದ ಗಾಳಿಯಾಡುತ್ತದೆ.

ತೇವಮಾಪಕ:
ಬೇಡ. ಮೈಟ್ ನೀರು ಕುಡಿಯುವುದಿಲ್ಲ. ಮುಂಗಾಲಿನ ಬುಡದ ಗ್ರಂಥಿಗಳಿಂದ ಗಾಳಿಯ ತೇವವನ್ನೇ ಹೀರುತ್ತದೆ. ಆರ್ದ್ರತೆ ದಿನಗಟ್ಟಲೆ ಶೇ. 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಆದರೆ ಕರಾವಳಿಯ ಜುಲೈಯಲ್ಲಿ ಹೊರಗಿನ ಗಾಳಿಯೇ ಶೇ. 80 ದಾಟಿರುತ್ತದೆ. ಸೀಲಿಂಗ್ ಇಲ್ಲದ ಕೋಣೆಯಲ್ಲಿ ಆ ಯಂತ್ರ ಊರಿನ ಗಾಳಿಯನ್ನೆಲ್ಲ ಒಣಗಿಸಬೇಕಾಗುತ್ತದೆ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚುವ ತಾರಸಿ ಕೋಣೆಗಾದರೆ ಎಸಿಯ ಡ್ರೈ ಮೋಡ್ ಉಪಯೋಗಕ್ಕೆ ಬರುತ್ತದೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಆರಿಸಬೇಡಿ. ಎದ್ದ ಕೂಡಲೇ ಹಾಸಿಗೆ ಮಡಚಿಡಬೇಡಿ, ಬೆವರಿನ ತೇವ ಒಳಗೇ ಉಳಿಯುತ್ತದೆ. ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಆಗಲೂ, ಅದಾಗಿ ಅರ್ಧ ಗಂಟೆಯವರೆಗೂ ಮಗು ಆ ಕೋಣೆಯಲ್ಲಿ ಇರದಿರಲಿ.

ಅಲರ್ಜಿಕ್ಲಿನಿಕ್:
ಒಂದು ಮಾತು ಸೇರಿಸಬೇಕು. ಕವರ್ ಹಾಕಿದೆವೆಂದು ಔಷಧಿ ನಿಲ್ಲಿಸಬೇಡಿ. ಇಂಗ್ಲೆಂಡಿನಲ್ಲಿ 3ರಿಂದ 17 ವರ್ಷದ ಆಸ್ತಮಾ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕವರ್ ಬಳಸಿದವರಲ್ಲಿ ಉಲ್ಬಣಗೊಂಡು ಆಸ್ಪತ್ರೆಗೆ ಓಡುವುದು ಕಡಿಮೆಯಾಯಿತು. ಸ್ಟೀರಾಯ್ಡ್ ಮಾತ್ರೆಯ ಅಗತ್ಯ ಮಾತ್ರ ಕಡಿಮೆಯಾಗಲಿಲ್ಲ. ಹಾಗಾಗಿ ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ದಿನಾ ಹಾಕಿ, ಸೀನು ಬಂದ ದಿನ ಮಾತ್ರವಲ್ಲ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ತಲೆ ಸ್ವಲ್ಪ ಬಗ್ಗಿಸಿ, ಬಲ ಮೂಗಿಗೆ ಎಡಗೈಯಿಂದ, ಎಡ ಮೂಗಿಗೆ ಬಲಗೈಯಿಂದ ಹಿಡಿದರೆ ತುದಿ ತಾನಾಗಿ ಹೊರಬದಿಗೆ ತಿರುಗುತ್ತದೆ. ನಡುಗೋಡೆಗೆ ನೇರ ಹೊಡೆದರೆ ರಕ್ತ ಬರುತ್ತದೆ.

ದದ್ದಿನ ಅಳತೆ ರೋಗದ ತೀವ್ರತೆ ಹೇಳುವುದಿಲ್ಲ, 3 ಮಿ.ಮೀ. ಆದರೂ ಪಾಸಿಟಿವ್ ಅಷ್ಟೆ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಶಬ್ದ ಇದ್ದರೆ ಆಸ್ತಮಾ ಪರೀಕ್ಷೆ ತಡಮಾಡಬೇಡಿ. ಇಮ್ಯುನೋಥೆರಪಿಗೆ (ಅಲರ್ಜಿ ತರುವ ವಸ್ತುವಿನ ಸಾರವನ್ನೇ ಔಷಧಿಯಾಗಿ ಕೊಟ್ಟು ಮೈಗೆ ಒಗ್ಗಿಸುವ ಚಿಕಿತ್ಸೆ) ಕನಿಷ್ಠ 3 ವರ್ಷ ಬೇಕು, ಹತೋಟಿಗೆ ಬಾರದ ಆಸ್ತಮಾ ಇದ್ದಾಗ ಕೊಡುವುದಿಲ್ಲ. ನಿಮ್ಮ ಮಗನಿಗೆ ಬ್ಲೋಮಿಯಾವೂ ಇರುವುದರಿಂದ ಔಷಧಿಯಲ್ಲಿ ಅದರ ಸಾರ ಇದೆಯೇ ಎಂದು ಕೇಳಿ. ಡರ್ಮಟೋಫಗಾಯ್ಡಿಸ್‌ನ ಸಾರ ಅದಕ್ಕೆ ಪೂರ್ತಿ ನಾಟುವುದಿಲ್ಲ. ಚುಚ್ಚುಮದ್ದಾದರೆ ಪ್ರತಿ ಸಲವೂ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂರಿಸಿಕೊಳ್ಳಿ.

ಬಟ್ಟೆಬಕೆಟ್:
ಮಳೆಗಾಲದಲ್ಲಿ ತೆರೆದಿಟ್ಟ ಮೈದಾ, ಗೋಧಿ ಹಿಟ್ಟಿನಲ್ಲೂ ಮೈಟ್ ಬೆಳೆಯುತ್ತದೆ. ಬೇಯಿಸಿದರೂ ಅದರ ಕೆಲವು ಪ್ರೋಟೀನ್ ಕೆಡುವುದಿಲ್ಲ, ಮೈಟ್ ಅಲರ್ಜಿ ಇರುವವರಿಗೆ ತಿಂದ ಮೇಲೆ ಮೈಯೆಲ್ಲ ದದ್ದು, ಉಬ್ಬಸ ಬರಬಹುದು. ಸಣ್ಣ ಪ್ಯಾಕೆಟ್ ತಂದು, ಒಡೆದ ಮೇಲೆ ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಡಿ.