ಪದಚರ್ಚೆ: ಟರ್ಮಿನಲ್ ಮೇಲ್‌ನ ‘ರಿಪ್ಲೈ’ಗೆ ಉತ್ತರವೋ, ಜವಾಬೋ, ಮಾರೋಲೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮಟ್ ಎಂಬ ಮೇಲ್ ಪ್ರೋಗ್ರಾಂ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಟರ್ಮಿನಲ್‌ನಲ್ಲೇ (ಚಿತ್ರಗಳಿಲ್ಲದ, ಬರೀ ಅಕ್ಷರಗಳ ಪರದೆ) ಮೇಲ್ ಓದಿ, ಅಲ್ಲೇ ಬರೆದು, ಅಲ್ಲಿಂದಲೇ ಕಳಿಸುವುದು. ಮೌಸ್ ಬೇಡ, ಬಟನ್ ಇಲ್ಲ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಶುರು ಮಾಡಿದ ಈ ಪ್ರೋಗ್ರಾಂ ಬಳಸುವವರು ಇವತ್ತಿಗೂ ಇದ್ದಾರೆ, ನಾನೂ ಒಬ್ಬ. ಅದರ ಪರದೆ ಮೇಲೆ ಬರುವ ಮಾತುಗಳನ್ನು ಸುಮ್ನೆ ನನ್ನ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇನೆ. ಅಳಿಸು, ಉಳಿಸು, ಕಳಿಸು ಎಲ್ಲ ಸಲೀಸಾಗಿ ಬಂದವು. ‘ರಿಪ್ಲೈ’ ಮಾತ್ರ ಬಗೆಹರಿಯುತ್ತಿಲ್ಲ.

ಉತ್ತರ ಅಂದರಾಯ್ತಲ್ಲ, ಅದರಲ್ಲೇನಿದೆ ಅಂತ ನೀವು ಕೇಳಬಹುದು. ಪದ ಎಲ್ಲಿ ಕೂರಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮಟ್ ತೆರೆದರೆ ಪರದೆಯ ತುದಿಯಲ್ಲಿ ಒಂದು ಸಾಲು ಕಾಣುತ್ತದೆ. ಯಾವ ಕೀ ಒತ್ತಿದರೆ ಏನಾಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಕ್ಯೂ ಒತ್ತಿದರೆ ಹೊರಗೆ, ಡಿ ಒತ್ತಿದರೆ ಅಳಿಸು, ಎಂ ಅಂದರೆ ಹೊಸ ಮೇಲ್, ಆರ್ ಅಂದರೆ ರಿಪ್ಲೈ, ಜಿ ಅಂದರೆ ಗ್ರೂಪ್. ಹೀಗೆ ಎಂಟು ಆಜ್ಞೆಗಳು ಒಂದೇ ಸಾಲಿನಲ್ಲಿ ಹಿಡಿಸಬೇಕು. ಟರ್ಮಿನಲ್‌ನ ಸಾಲಿಗೆ ವಾಡಿಕೆಯ ಅಗಲ 80 ಅಕ್ಷರ. ಅಂದಮೇಲೆ ಪದ ಚಿಕ್ಕದಿರಬೇಕು.

ಮೊಬೈಲ್‌ಗಳಲ್ಲಿ ಈಗ ಎಲ್ಲೆಲ್ಲೂ ಕಾಣುವುದು ‘ಪ್ರತ್ಯುತ್ತರಿಸಿ’. ನನಗೆ ಇದು ಎರಡು ಕಾರಣಕ್ಕೆ ಬೇಡ. ಒಂದು, ಉತ್ತರಕ್ಕೆ ಕೊಡುವ ಉತ್ತರ ಪ್ರತ್ಯುತ್ತರ. ವಾದದಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಎದುರು ಹೇಳುವುದು. ‘ನಾಳೆ ಮೀಟಿಂಗ್ ಎಷ್ಟು ಗಂಟೆಗೆ?’ ಅಂತ ಬಂದ ಮೇಲ್‌ಗೆ ‘ಹತ್ತಕ್ಕೆ’ ಅಂತ ಬರೆದರೆ ಅದು ಬರೀ ಉತ್ತರ. ಅದಕ್ಕೆ ‘ಪ್ರತಿ’ ಯಾಕೆ? ಎರಡನೆಯದು ಟರ್ಮಿನಲ್‌ನ ಕಷ್ಟ. ಟರ್ಮಿನಲ್ ಪರದೆಯನ್ನು ಒಂದೇ ಅಗಲದ ಮನೆಗಳಾಗಿ ಕೊಯ್ದು, ಮನೆಗೊಂದು ಅಕ್ಷರ ಕೂರಿಸುತ್ತದೆ. ಇಂಗ್ಲಿಷಿಗೆ ಅದು ಸರಿ. ನಮ್ಮ ಒತ್ತಕ್ಷರ ಬಂತೋ, ಎಷ್ಟೋ ಟರ್ಮಿನಲ್‌ಗಳು ಕೈಚೆಲ್ಲುತ್ತವೆ. ಒತ್ತು ಕೆಳಗೆ ಇಳಿಯುವುದಿಲ್ಲ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ, ಇಲ್ಲವೇ ಬಿಟ್ಟುಬಿಟ್ಟು ಕೂರುತ್ತವೆ. ‘ಪ್ರತ್ಯುತ್ತರಿಸಿ’ಯಲ್ಲಿ ಮೂರು ಒತ್ತಕ್ಷರಗಳಿವೆ. ಲಿಪಿಗಳ ಅಕ್ಷರಕ್ಕೆಲ್ಲ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 14 ಸಂಕೇತ, ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೀತಿಯಲ್ಲಿ 42 ಬೈಟ್. ಒಂದು ಕೀ ಒತ್ತುವ ಕೆಲಸಕ್ಕೆ ಇಷ್ಟುದ್ದದ ಹೆಸರು ಜಾಸ್ತಿಯಾಯಿತು.

ಹಾಗಾದರೆ ಯಾವುದು? ಒತ್ತಿಲ್ಲದ ಪದ ಹುಡುಕುತ್ತಾ ಹೋದಾಗ ಸಿಕ್ಕಿದ್ದು ‘ಜವಾಬು’. ಐದೇ ಸಂಕೇತ, 15 ಬೈಟ್, ಒತ್ತಿನ ರಗಳೆಯೇ ಇಲ್ಲ. ಅರಬಿ, ಪಾರಸಿ ಕಡೆಯಿಂದ ಬಂದು ಯಾವ ಕಾಲದಲ್ಲೋ ನಮ್ಮದಾದ ಪದ. ದಿನಾ ಹೇಳುವ ‘ಜವಾಬ್ದಾರಿ’ ಅದರದ್ದೇ ಸಂಸಾರ. ಆದರೆ ಹಳೇ ಮೈಸೂರು ಕಡೆಯ ನನ್ನ ಕಿವಿಗೆ ‘ಜವಾಬು ಕೊಡು’ ಅಂದರೆ ಯಾರೋ ಗದರಿಸಿ ಲೆಕ್ಕ ಕೇಳಿದ ಹಾಗೆ. ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವರಿಗೂ ಹಾಗೇ ಕೇಳುತ್ತದಾ? ಕಾಗದಕ್ಕೆ ಜವಾಬು ಬರೆಯುವುದು ನಿಮ್ಮಲ್ಲಿ ಮಾಮೂಲಿ ಮಾತಾ? ಇದು ನನ್ನ ಮೊದಲ ಪ್ರಶ್ನೆ.

ಅಚ್ಚಗನ್ನಡ ಬೇಕು ಅನ್ನುವ ಗೆಳೆಯರು ‘ಮಾರೋಲೆ’ ಅನ್ನುತ್ತಾರೆ. ಮಾರ್ದನಿ, ಮಾರ್ನುಡಿ ಇದ್ದ ಹಾಗೆ ಮಾರ್ ಜೊತೆ ಓಲೆ. ಕಟ್ಟಿದ ರೀತಿ ಚೆನ್ನಾಗಿದೆ, ಒತ್ತೂ ಇಲ್ಲ. ತೊಂದರೆ ಏನೆಂದರೆ ಆಡುಮಾತಿನಲ್ಲಿ ‘ಮಾರೋ’ ಅಂದರೆ ಮಾರುವ, ‘ಓಲೆ’ ಅಂದರೆ ಕಿವಿಯ ಓಲೆ. ಪದವನ್ನು ಮೊದಲ ಸಲ ನೋಡಿದವರಿಗೆ ಚಿನ್ನದಂಗಡಿ ನೆನಪಾದರೆ ಅವರ ತಪ್ಪಲ್ಲ. ‘ಮರುಟಪಾಲು’ ನನಗೆ ತುಂಬಾ ಇಷ್ಟ. ಹಿಂದಿನವರು ಕಾಗದದ ಕೊನೆಗೆ ‘ಮರುಟಪಾಲಿನಲ್ಲಿ ಉತ್ತರ ಬರೆಯುವುದು’ ಅಂತ ತಾಕೀತು ಮಾಡುತ್ತಿದ್ದರು. ಆದರೆ ಆ ಸಾಲನ್ನೇ ಸರಿಯಾಗಿ ನೋಡಿ. ಬರೆಯುವುದು ಉತ್ತರ, ಹೋಗುವುದು ಮರುಟಪಾಲಿನಲ್ಲಿ. ಕಾಗದಕ್ಕೆ ಉತ್ತರ ಅನ್ನುವುದು ಮೊದಲಿಂದ ಇದ್ದೇ ಇದೆ. ಪ್ರಶ್ನೆ ಇದ್ದರಷ್ಟೇ ಉತ್ತರ, ಬರೀ ಶುಭಾಶಯಕ್ಕೆ ‘ಥ್ಯಾಂಕ್ಸ್’ ಅಂದರೆ ಅದು ಹೇಗೆ ಉತ್ತರ ಅಂತ ಕೆಲವರು ವಾದ ಮಾಡುತ್ತಾರೆ. ‘ಎಷ್ಟು ಸಲ ಬರೆದರೂ ಅವನಿಂದ ಉತ್ತರ ಇಲ್ಲ’ ಅಂತ ಕೊರಗುವವರು ಪ್ರಶ್ನೆ ಕೇಳಿ ಬರೆದಿದ್ದರಾ ಅಂತ ಯಾರೂ ನೋಡುವುದಿಲ್ಲ, ಅಲ್ವಾ? ನನ್ನ ಮನಸ್ಸು ‘ಉತ್ತರ’ದ ಕಡೆಗೇ ವಾಲಿದೆ. ಒಂದು ಒತ್ತು ಇದೆ. ಟರ್ಮಿನಲ್ ಅದನ್ನು ಬಿಡಿಸಿ ಬರೆದರೂ ಓದಬಹುದು.

‘ಉತ್ತರಿಸು’ ಅನ್ನಬೇಕೋ ‘ಉತ್ತರಿಸಿ’ ಅನ್ನಬೇಕೋ ಅನ್ನುವ ಜಗಳಕ್ಕೂ ‘ಉತ್ತರ’ ಮದ್ದು. ಆ ತುದಿಯ ಸಾಲಿನಲ್ಲಿ ಮಾತಾಡುವವರು ಯಾರು? ನಾನು ಕೀ ಒತ್ತಿ ಯಂತ್ರಕ್ಕೆ ಹೇಳುತ್ತಿದ್ದರೆ ‘ಉತ್ತರಿಸು’ ಸಾಕು, ಯಂತ್ರಕ್ಕೆ ಯಾಕೆ ಬಹುವಚನ? ಯಂತ್ರವೇ ನನಗೆ ದಾರಿ ತೋರಿಸುತ್ತಿದ್ದರೆ ‘ಉತ್ತರಿಸಿ’ ಆಗಬೇಕು. ನಾಮಪದ ಹಾಕಿದರೆ ಯಾರು ಯಾರಿಗೆ ಹೇಳಿದರು ಅನ್ನುವ ಗೊಡವೆಯೇ ಇಲ್ಲ. ಆರ್ ಒತ್ತಿದಾಗ ಮಟ್ ಒಂದೊಂದಾಗಿ ಕೇಳುವ ಮಾತುಗಳು ಬೇರೆ. ಯಾರಿಗೆ, ವಿಷಯ ಏನು, ಬಂದ ಮೇಲ್‌ನ ಒಕ್ಕಣೆಯನ್ನು ಉತ್ತರದಲ್ಲಿ ಸೇರಿಸಬೇಕಾ. ಅಲ್ಲಿ ಯಂತ್ರ ನಮ್ಮನ್ನು ಕೇಳುತ್ತಿದೆ ಅನ್ನುವುದರಲ್ಲಿ ಅನುಮಾನವಿಲ್ಲ, ‘ಸೇರಿಸಬೇಕೇ?’ ಅಂದರೆ ಮುಗಿಯಿತು.

ಇನ್ನು ಉತ್ತರ ಯಾರಿಗೆ ಹೋಗಬೇಕು ಅನ್ನುವುದು. ಮಟ್‌ನಲ್ಲಿ ಆರ್ ಒತ್ತಿದರೆ ಬರೆದವರಿಗೆ, ಜಿ ಒತ್ತಿದರೆ ಎಲ್ಲರಿಗೂ, ಕ್ಯಾಪಿಟಲ್ ಎಲ್ ಒತ್ತಿದರೆ ಲಿಸ್ಟಿಗೆ, ಅಂದರೆ ಒಂದೇ ವಿಳಾಸಕ್ಕೆ ಬರೆದರೆ ಸದಸ್ಯರಿಗೆಲ್ಲ ಮೇಲ್ ತಲುಪುವ ಗುಂಪಿಗೆ. ಮಟ್‌ಗಿಂತ ಹಳೆಯದು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಬರ್ಕ್ಲಿ ಮೇಲ್, ಕರ್ಟ್ ಶೋನ್ಸ್ 1978ರಲ್ಲಿ ಬರೆದದ್ದು. ಇವತ್ತಿನ ಮೇಲೆಕ್ಸ್ ಅದರದ್ದೇ ಸಂತತಿ. ಅದರಲ್ಲಿ ಲೆಕ್ಕ ತಿರುವುಮುರುವು. ಸಣ್ಣಕ್ಷರದ ಆರ್ ಒತ್ತಿದರೆ ಎಲ್ಲರಿಗೂ ಹೋಗುತ್ತದೆ, ಕ್ಯಾಪಿಟಲ್ ಆರ್ ಒತ್ತಿದರೆ ಬರೆದವರಿಗಷ್ಟೇ. ಇದು ಬೇಡ ಅನ್ನುವವರಿಗೆ ಎರಡನ್ನೂ ಅದಲುಬದಲು ಮಾಡಲು ‘ಫ್ಲಿಪ್‌ಆರ್’ ಅನ್ನುವ ಸೆಟ್ಟಿಂಗ್ ಬೇರೆ ಇದೆ! ಒಂದರ ಅಭ್ಯಾಸ ಇದ್ದವರು ಇನ್ನೊಂದಕ್ಕೆ ಹೋಗಿ, ಒಬ್ಬರಿಗೆ ಬರೆದ ಗುಟ್ಟು ಊರಿಗೆಲ್ಲ ಹಂಚಿಹೋಗುವುದು ಹೀಗೇ. ಅನುವಾದಕ್ಕೆ ಇಲ್ಲಿ ಬೇರೆ ಪೇಚು. ಇಂಗ್ಲಿಷಿನಲ್ಲಿ ಎರಡೂ ಆಜ್ಞೆಗಳ ಹೆಸರು ‘ರಿಪ್ಲೈ’, ವ್ಯತ್ಯಾಸ ಮೊದಲಕ್ಷರ ಚಿಕ್ಕದೋ ದೊಡ್ಡದೋ ಅನ್ನುವುದರಲ್ಲಿ ಮಾತ್ರ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಹಾಗಾಗಿ ಎರಡು ಬೇರೆ ಹೆಸರು ಬೇಕೇ ಬೇಕು. ‘ಎಲ್ಲರಿಗೂ ಉತ್ತರ’, ‘ಬರೆದವರಿಗೆ ಉತ್ತರ’ ಅಂತ ಇಟ್ಟಿದ್ದೇನೆ. ಮೂಲಕ್ಕಿಂತ ನಮ್ಮದೇ ವಾಸಿ ಅಂತ ನನ್ನ ಅನಿಸಿಕೆ. ಲಿಸ್ಟಿಗೆ ‘ಪಟ್ಟಿ’ ಅಂದರೆ ದಿನಸಿ ಪಟ್ಟಿ ನೆನಪಾಗುತ್ತದೆ, ‘ಬಳಗಕ್ಕೆ ಉತ್ತರ’ ಅಂತ ಹಾಕಿದ್ದೇನೆ.

ಮುಂದಿನದು ವಿಷಯದ ಸಾಲಿನ ಮುಂದೆ ತಾನಾಗೇ ಬಂದು ಕೂರುವ ‘ರೀ’. ಇದು ರಿಪ್ಲೈ ಪದದ ಮೊಟಕು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಲ್ಯಾಟಿನ್. ಮೇಲ್‌ನ ರೂಪ ಹೇಗಿರಬೇಕು ಅಂತ ಹೇಳುವ ಆರ್‌ಎಫ್‌ಸಿ ಅನ್ನುವ ಇಂಟರ್ನೆಟ್ ದಾಖಲೆಗಳಲ್ಲೇ ಇದರ ಮೂಲ ಬರೆದಿದೆ. ಅಲ್ಲೂ ಒಂದು ತಮಾಷೆ ಇದೆ. 2001ರ ಆರ್‌ಎಫ್‌ಸಿ 2822 ಇದನ್ನು ‘ರೆಸ್’ನಿಂದ ಬಂದದ್ದು ಅಂದಿತು. 2008ರಲ್ಲಿ ಅದರ ಜಾಗಕ್ಕೆ ಬಂದ 5322 ‘ಇನ್ ರೆ’ ಅನ್ನುವುದರ ಮೊಟಕು ಅಂತ ತಿದ್ದಿತು. ಕಂಪ್ಯೂಟರ್ ನಿಯಮ ಬರೆಯುವವರೂ ಕೂತು ಪದಮೂಲ ತಿದ್ದುತ್ತಾರೆ ಅಂದರೆ ನಮ್ಮ ಬಳಗಕ್ಕೆ ಖುಷಿಯಾಗಬೇಕು. ಅರ್ಥ ಮಾತ್ರ ಎರಡು ಕಡೆಯೂ ಒಂದೇ, ‘ಈ ವಿಷಯದಲ್ಲಿ’. ನಮ್ಮ ಸರ್ಕಾರಿ ಪತ್ರಗಳಲ್ಲಿ ‘ವಿಷಯ’ ಅಂತ ಒಂದು ಸಾಲು ಇರುತ್ತದಲ್ಲ, ಅದರ ಕೊನೆಗೆ ಬರುವ ‘ಕುರಿತು’ ಇದ್ದ ಹಾಗೆ. ಆದರೆ ಕನ್ನಡದ ‘ಕುರಿತು’, ‘ಬಗ್ಗೆ’ ಹಿಂದೆ ಬರುತ್ತವೆ, ಅವರದ್ದು ಮುಂದೆ ಬರುತ್ತದೆ.

ಹಾಗಾದರೆ ‘ಉ:’ ಅಂತ ಹಾಕೋಣವೇ? ಶಾಲೆಯ ನೋಟ್ಸಿನಲ್ಲಿ ‘ಪ್ರ’, ‘ಉ’ ಬರೆದು ಅಭ್ಯಾಸ ಇರುವುದರಿಂದ ಅರ್ಥವಂತೂ ಆಗುತ್ತದೆ. ಕಚೇರಿ ಪತ್ರ ಬರೆಯುವವರಿಗೆ ಮಾತ್ರ ಅದು ‘ಉಲ್ಲೇಖ’ವೂ ಆಗಬಹುದು. ನನ್ನ ಪ್ರಕಾರ ಇದಕ್ಕೆ ಕೈ ಹಾಕಬಾರದು. ಜರ್ಮನರು ‘ಎಡಬ್ಲ್ಯು’, ಸ್ವೀಡನ್ನಿನವರು ‘ಎಸ್‌ವಿ’ ಅಂತ ತಮ್ಮ ಭಾಷೆಯ ಮೊಟಕು ಹಾಕಿದರು. ಅತ್ತಲಿನ ಪ್ರೋಗ್ರಾಂಗೆ ಅದು ಗುರುತು ಸಿಗದೆ ಇನ್ನೊಂದು ‘ರೀ’ ಅಂಟಿಸುತ್ತದೆ, ಇತ್ತಲಿನದು ಅದರ ಮುಂದೆ ಮತ್ತೆ ತನ್ನದು. ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ವಿಷಯ ಬಲಗಡೆ ಮಾಯ. ಆರ್‌ಎಫ್‌ಸಿ ಕೂಡ ‘ರೀ’ ಬಿಟ್ಟು ಬೇರೆ ಹಾಕಿದರೆ, ಇಲ್ಲವೇ ಒಂದಕ್ಕಿಂತ ಜಾಸ್ತಿ ಹಾಕಿದರೆ ತೊಂದರೆ ಆಗಬಹುದು ಅಂತ ಎಚ್ಚರಿಸಿದೆ. ಅಷ್ಟಕ್ಕೂ ‘ರೀ’ ನಮಗೆ ಪರಕೀಯ ಅನಿಸುವುದೇ ಇಲ್ಲ. ರೀ, ಸ್ವಲ್ಪ ಇಲ್ಲಿ ನೋಡಿ ಅಂದ ಹಾಗೇ ಇದೆ.

ಪ್ರಸಂಗ ಬಂತು ಅಂತ ಹೇಳುತ್ತೇನೆ, ಉತ್ತರಗಳನ್ನು ಒಂದರ ಕೆಳಗೊಂದು ಪೋಣಿಸುವುದು ಈ ‘ರೀ’ ಅಲ್ಲ. ಪ್ರತಿ ಮೇಲ್‌ಗೂ ಒಂದು ಐಡಿ ಇರುತ್ತದೆ. ಉತ್ತರ ಬರೆದಾಗ ಆ ಐಡಿಯನ್ನು ‘ಇನ್-ರಿಪ್ಲೈ-ಟು’, ‘ರೆಫರೆನ್ಸಸ್’ ಅನ್ನುವ ಸಾಲುಗಳಲ್ಲಿ ಪ್ರೋಗ್ರಾಂ ಬರೆದುಕೊಳ್ಳುತ್ತದೆ. ‘ನಿಮ್ಮ ಕಾಗದ ತಲುಪಿ ಸಂಗತಿಯೆಲ್ಲ ತಿಳಿಯಿತು’ ಅಂತ ನಮ್ಮ ಹಿರಿಯರು ಮೊದಲ ಸಾಲಿನಲ್ಲೇ ಬರೆಯುತ್ತಿದ್ದರಲ್ಲ, ಅದೇ ಕೆಲಸ. ಹಾಗಾಗಿ ಹಳೇ ಮೇಲ್‌ಗೆ ಆರ್ ಒತ್ತಿ, ವಿಷಯ ಅಳಿಸಿ, ಹೊಸ ಚರ್ಚೆ ಶುರು ಮಾಡುವವರು ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೊಸ ಮಾತು ಹಳೇ ಚರ್ಚೆಯ ಕೆಳಗೆ ಹೋಗಿ ಹೂತುಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕೊನೆಯದು. ಉತ್ತರದಲ್ಲಿ ಹಳೇ ಒಕ್ಕಣೆ ಸೇರಿಸಿದರೆ ಅದರ ನೆತ್ತಿ ಮೇಲೆ ಮಟ್ ಒಂದು ಸಾಲು ಹಾಕುತ್ತದೆ. ಇಂಥ ದಿನ, ಇಂಥವರು ಬರೆದರು ಅಂತ. ತಾರೀಖಿಗೊಂದು ಗುರುತು, ಹೆಸರಿಗೊಂದು ಗುರುತು ಇಟ್ಟರೆ ಅದೇ ತುಂಬಿಕೊಳ್ಳುತ್ತದೆ. ಇಂಗ್ಲಿಷಿನ ‘ರೋಟ್’ಗೆ ಗಂಡು ಹೆಣ್ಣು ಅನ್ನುವ ಭೇದವಿಲ್ಲ. ನಾವು ಬರೆದನು, ಬರೆದಳು, ಬರೆದರು, ಬರೆಯಿತು ಅನ್ನುವುದರಲ್ಲಿ ಒಂದನ್ನು ಆರಿಸಲೇಬೇಕು, ಹೆಸರು ಯಾರದ್ದು ಅಂತ ಪ್ರೋಗ್ರಾಂಗೆ ಗೊತ್ತಿಲ್ಲ. ‘ಬರೆದರು’ ಹಾಕಿದರೆ ಮರ್ಯಾದೆಗೆ ಕೊರತೆಯಿಲ್ಲ. ಆದರೆ ರಾತ್ರಿ ತಾನಾಗೇ ಮೇಲ್ ಕಳಿಸುವ ಕ್ರಾನ್ ಡೀಮನ್ ಅನ್ನುವ ಪ್ರೋಗ್ರಾಂಗೂ ‘ಕ್ರಾನ್ ಡೀಮನ್ ಬರೆದರು’ ಅಂತ ಬರುತ್ತದೆ. ಹೆಸರಿಗೆ ವಿಭಕ್ತಿ ಹಚ್ಚೋಣ ಅಂದರೆ ಇನ್ನೂ ಕಷ್ಟ. ಒಬ್ಬರ ಹೆಸರಿಗೆ ‘ನ’, ಇನ್ನೊಬ್ಬರದ್ದಕ್ಕೆ ‘ಯ’, ಮತ್ತೊಬ್ಬರದ್ದಕ್ಕೆ ‘ವಿನ’. ತಾರೀಖಿನದ್ದೂ ಇದೇ ಕಥೆ. ‘2024ರಂದು’ ಚೆಂದ, ಅದರ ಹಿಂದೆ ಗಂಟೆ, ನಿಮಿಷ, ಟೈಮ್ ಝೋನ್ ಅಂಟಿಕೊಂಡಿದ್ದರೆ ‘ಐಎಸ್‌ಟಿರಂದು’ ಅಂತ ವಿಕಾರವಾಗುತ್ತದೆ.

ಈ ಎಲ್ಲಕ್ಕೂ ನನಗೆ ಹೊಳೆದ ಉಪಾಯ ‘ಬರೆದದ್ದು’. ತಾರೀಖು, ಕಾಮಾ, ಹೆಸರು, ಆಮೇಲೆ ‘ಬರೆದದ್ದು:’. ಅಮ್ಮ ಬರೆದದ್ದು, ಮೇಷ್ಟ್ರು ಬರೆದದ್ದು, ಡೀಮನ್ ಬರೆದದ್ದು, ಎಲ್ಲವೂ ಸರಿ. ಲಿಂಗವಿಲ್ಲ, ವಿಭಕ್ತಿಯಿಲ್ಲ. ಹಿರಿಯರಿಗೂ ಅಗೌರವ ಅನಿಸುವುದಿಲ್ಲ ಅಂದುಕೊಂಡಿದ್ದೇನೆ, ನಿಮ್ಮ ಕಿವಿಗೆ ಹೇಗೆ ಕೇಳುತ್ತದೋ ಹೇಳಿ. ಪುಸ್ತಕದ ಕನ್ನಡದವರು ‘ಬರೆದುದು’ ಸರಿ ಅನ್ನಬಹುದು, ಮಾತಿನಲ್ಲಿ ‘ಬರೆದಿದ್ದು’ ಜಾಸ್ತಿ ಕೇಳುತ್ತೇವೆ. ಪ್ರತಿ ಉತ್ತರದಲ್ಲೂ ಕಾಣುವ ಸಾಲು ಇದು, ಹಾಗಾಗಿ ಮೂರರಲ್ಲಿ ಯಾವುದನ್ನು ಇಡಲಿ?