ಮಲಗಿರುವ ನುಡಿಗೆ 'ಪುನರುಜ್ಜೀವನ' ಎನ್ನಬಹುದೇ?

ಗೆಳೆಯರೇ,

ಒಂದು ಪದ ಕೂಡಿಬರದೆ ನಮ್ಮ ಕರಪತ್ರ ಎರಡು ವಾರದಿಂದ ಅರ್ಧಕ್ಕೇ ನಿಂತಿದೆ. ನಾನಿರುವುದು ಸಿಡ್ನಿಯ ಪಶ್ಚಿಮದಲ್ಲಿ, ಪ್ಯಾರಮಟ್ಟದ ಹತ್ತಿರ. ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುವ ನಾವು ನಾಲ್ಕು ಜನ ಸೇರಿ, ಬ್ರಿಟಿಷರು ಬರುವ ಮೊದಲಿನಿಂದಲೂ ಇಲ್ಲಿರುವ ಅಬೊರಿಜಿನಲ್ ಜನರ ನುಡಿಗಳ ಬಗ್ಗೆ ತಂದೆತಾಯಂದಿರಿಗೆ ಕನ್ನಡದಲ್ಲೇ ಎರಡು ಪುಟ ಬರೆದುಕೊಡೋಣ ಎಂದು ಹೊರಟೆವು. ಮಕ್ಕಳು ಶಾಲೆಯಿಂದ ಸಿಡ್ನಿ ಕಡೆಯ ಅಬೊರಿಜಿನಲ್ ನುಡಿಯಾದ ದರುಗ್‌ನ ಮಾತು ಎರಡು ಮೂರು ಕಲಿತು ಬರುತ್ತಾರೆ, "ಅಪ್ಪಾ, ಇದು ಯಾರ ಭಾಷೆ?" ಎಂದು ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಉತ್ತರ ಇಲ್ಲ. ಬರೆಯುತ್ತ ಬರೆಯುತ್ತ, ಈ ನುಡಿಗಳಿಗಾಗಿ ಸಮುದಾಯಗಳಿಗೆ ಸಿಗುವ ಹಣದ ವಿಷಯಕ್ಕೆ ಬಂದೆ. "ಅಬೊರಿಜಿನಲ್ ಭಾಷೆಗಳ ಪುನರುಜ್ಜೀವನಕ್ಕೆ ಅನುದಾನ" ಎಂದು ಬರೆದೆ. ಇನ್ನೊಮ್ಮೆ ಓದಿಕೊಂಡೆ. ಹೊಡೆದುಹಾಕಿದೆ.

ಹಿನ್ನೆಲೆ ಇಷ್ಟು. ನಾವಿರುವ ನ್ಯೂ ಸೌತ್ ವೇಲ್ಸ್ ರಾಜ್ಯ 2017ರಲ್ಲಿ ಅಬೊರಿಜಿನಲ್ ಭಾಷೆಗಳ ಕಾಯ್ದೆ ಮಾಡಿತು. ಆಸ್ಟ್ರೇಲಿಯಾದಲ್ಲಿ ಅಂಥ ಕಾಯ್ದೆ ಅದೇ ಮೊದಲು. ಅದರ ಅಡಿಯಲ್ಲಿ 2020ರಲ್ಲಿ ಅಬೊರಿಜಿನಲ್ ಲ್ಯಾಂಗ್ವೇಜಸ್ ಟ್ರಸ್ಟ್ ಬಂತು. ಪಾಠದ ಕೂಟ, ಹಿರಿಯರ ದನಿಮುದ್ರಣ, ಮಕ್ಕಳ ಪುಸ್ತಕ, ಹಾಡು, ಊರಿನ ನಾಮಫಲಕ ಮೊದಲಾದ ಕೆಲಸಗಳಿಗೆ ಸಮುದಾಯಗಳಿಗೇ ಹಣ ಸಿಗುವ ದಾರಿ ಅದು. ಅಕ್ಟೋಬರಿನಲ್ಲಿ ಭಾಷಾ ಸಪ್ತಾಹವೂ ನಡೆಯುತ್ತದೆ, ಹಬ್ಬದಂತೆ.

ಆ ಕಾಯ್ದೆಯ ಪೀಠಿಕೆಯನ್ನು ನೀವು ಓದಬೇಕು. ಹಿಂದಿನ ಸರ್ಕಾರಗಳ ತೀರ್ಮಾನಗಳಿಂದಲೇ ಈ ನುಡಿಗಳು ಇಲ್ಲವಾಗುವ ಮಟ್ಟಕ್ಕೆ ಬಂದವು ಎಂದು ಅದು ಒಪ್ಪಿಕೊಳ್ಳುತ್ತದೆ. ಆದರೂ ಜನ ಗುಟ್ಟಾಗಿ ಮಾತಾಡುತ್ತ, ಮನೆಯಿಂದ ಮನೆಗೆ ದಾಟಿಸುತ್ತ ಬಂದರು ಎನ್ನುತ್ತದೆ. ಮುಂದೆ ಆಗಬೇಕಾದದ್ದಕ್ಕೆ ಅಲ್ಲಿ ಮೂರು ಕ್ರಿಯಾಪದಗಳಿವೆ: ಮತ್ತೆ ಎಚ್ಚರಗೊಳಿಸು, ಬೆಳೆಸು, ಪೋಷಿಸು. 'ಬದುಕಿಸು' ಎಂಬುದು ಆ ಮೂರರಲ್ಲಿ ಇಲ್ಲ. ನನ್ನ ತೊಡಕು ಶುರುವಾಗುವುದೇ ಇಲ್ಲಿಂದ.

ಇಲ್ಲಿನ ಜನ ತಮ್ಮ ನುಡಿಯನ್ನು 'ಸತ್ತ ಭಾಷೆ' ಎಂದರೆ ಸಹಿಸುವುದಿಲ್ಲ, 'ಮಲಗಿದೆ' ಎನ್ನುತ್ತಾರೆ. ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಲ್ಲ ಅದು. ಪಕ್ಕದ ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಅಡಿಲೇಡ್ ಬಯಲಿನ ಕೌರ್ಣ ನುಡಿಯನ್ನು ನೋಡಿ. ಅದನ್ನು ನಿರರ್ಗಳವಾಗಿ ಆಡುತ್ತಿದ್ದ ಕೊನೆಯವರೆಂದು ಹೆಸರಾದ ಇವಾರಿಟ್ಜಿ ತೀರಿಕೊಂಡದ್ದು 1929ರಲ್ಲಿ. ಆದರೆ ಟೈಖೆಲ್‌ಮನ್ ಮತ್ತು ಶ್ಯೂರ್‌ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು 1840ರಲ್ಲೇ ಅದರ ವ್ಯಾಕರಣ, ಪದಪಟ್ಟಿ ಅಚ್ಚು ಹಾಕಿಸಿದ್ದರು. ಅದನ್ನು ಹಿಡಿದು ಮೊಮ್ಮಕ್ಕಳು, ಮರಿಮಕ್ಕಳು ಮತ್ತೆ ಮಾತಾಡಲು ಕಲಿತರು. ಇಂದು ಕೌರ್ಣದಲ್ಲಿ ಕಂಪ್ಯೂಟರಿಗೂ ಪದವಿದೆ: ಮುಕಂಟು. ಮಿದುಳು ಎಂಬ ಪದಕ್ಕೆ ಮಿಂಚು ಎಂಬ ಪದ ಕೂಡಿಸಿ ಕಟ್ಟಿದ್ದು. ಹೊಸ ಪದ ಕಟ್ಟುತ್ತಿರುವ ನುಡಿಯನ್ನು ಸತ್ತದ್ದು ಎನ್ನುವುದು ಹೇಗೆ?

ಈಗ ನಮ್ಮ ಪದಗಳಿಗೆ ಬರುತ್ತೇನೆ. 'ಪುನರುಜ್ಜೀವನ' ಎಂದ ಕೂಡಲೇ, ನಡುವೆ ಒಮ್ಮೆ ಜೀವ ಹೋಗಿತ್ತು ಎಂದು ಒಪ್ಪಿಕೊಂಡಂತಾಯಿತು. 'ಮರುಜೀವ', 'ಮರುಹುಟ್ಟು' ಎರಡಕ್ಕೂ ಇದೇ ತೊಂದರೆ. 'ಪುನರುತ್ಥಾನ' ಕ್ರೈಸ್ತ ಧರ್ಮದ ಮಾತಾಗಿ ನೆಲೆಯೂರಿದೆ, ಮೇಲಾಗಿ ಅದು ಗೋರಿಯಿಂದ ಏಳುವುದು. 'ಜೀರ್ಣೋದ್ಧಾರ' ಗುಡಿಗೆ, ಕೆರೆಗೆ ಸರಿ. 'ಪುನಶ್ಚೇತನ' ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಮುಚ್ಚಿದ ಸಕ್ಕರೆ ಕಾರ್ಖಾನೆಗೂ ಹೂಳು ತುಂಬಿದ ಕಾಲುವೆಗೂ ಪತ್ರಿಕೆಗಳಲ್ಲಿ ಅದನ್ನೇ ಬಳಸಿ ಬಳಸಿ ಅದರಲ್ಲಿ ಉಸಿರೇ ಉಳಿದಿಲ್ಲ. 'ಚೇತರಿಕೆ' ನನಗೆ ಇಷ್ಟ. ಕಾಯಿಲೆ ಬಿದ್ದವರು ತಾವೇ ಚೇತರಿಸಿಕೊಳ್ಳುತ್ತಾರೆ, ವೈದ್ಯರದು ನೆರವು ಅಷ್ಟೇ. ಈ ಕೆಲಸದ ಸ್ವರೂಪ ಅದೇ. ಆದರೆ ಇಲ್ಲಿ ನುಡಿಗೆ ಕಾಯಿಲೆ ಬಂದದ್ದಲ್ಲ, ಹೊಡೆದು ಬಾಯಿ ಮುಚ್ಚಿಸಿದ್ದು.

ಇದೇ ರಾಜ್ಯದ ವಿರಾಜುರಿ ಎಂಬ ಅಬೊರಿಜಿನಲ್ ಜನರ ಹಿರಿಯ ಸ್ಟ್ಯಾನ್ ಗ್ರ್ಯಾಂಟ್ ಸೀನಿಯರ್ ಹೇಳಿದ ಸಂಗತಿ ಇಲ್ಲಿ ನೆನಪಾಗುತ್ತದೆ. ಅವರ ಅಜ್ಜ ಜನರೆದುರು ವಿರಾಜುರಿಯಲ್ಲಿ ಮಾತಾಡಿದ್ದಕ್ಕೆ ಪೊಲೀಸರು ಹಿಡಿದೊಯ್ದು ಕೂಡಿಹಾಕಿದ್ದರು. ಅಲ್ಲಿಂದ ಮುಂದೆ ಆ ಅಜ್ಜ ಊರೊಳಗೆ ಆ ಮಾತು ಆಡಲಿಲ್ಲ. ಅದೇ ಮೊಮ್ಮಗ ದೊಡ್ಡವರಾಗಿ, ಭಾಷಾತಜ್ಞ ಜಾನ್ ರಡ್ಡರ್ ಜೊತೆ ಕೂತು ವಿರಾಜುರಿ ನಿಘಂಟು ಮಾಡಿದರು. ಆ ಅಜ್ಜನ ಎದೆಯಲ್ಲಿ ಇದ್ದದ್ದು ಸತ್ತ ನುಡಿಯೇ? 'ಪುನರುಜ್ಜೀವನ' ಎಂದು ಬರೆದು ಹೊಡೆದುಹಾಕಿದಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವರು.

ಹಾಗಾದರೆ ನಿದ್ದೆ, ಎಚ್ಚರಗಳನ್ನೇ ಕನ್ನಡಕ್ಕೆ ತರೋಣ ಎಂದರೆ ಅಲ್ಲೂ ಸುಲಭವಿಲ್ಲ. 'ಎಚ್ಚರಿಸು' ಎಂದರೆ ಇಂದಿನ ಓದುಗರಿಗೆ ಮೊದಲು ಹೊಳೆಯುವುದು ಎಚ್ಚರಿಕೆ ಕೊಡುವುದು. "ಭಾಷೆಗಳನ್ನು ಎಚ್ಚರಿಸಲು ಅನುದಾನ" ಎಂದರೆ ಭಾಷೆಗೇ ಬೆದರಿಕೆ ಹಾಕಿದಂತೆ ಕೇಳುತ್ತದೆ. 'ಎಬ್ಬಿಸು' ಸರಿಯಾದ ಅಚ್ಚಗನ್ನಡ, ಆದರೆ ಅದರಲ್ಲಿ ಬೆಳಗ್ಗೆ ಶಾಲೆಗೆ ಹೊತ್ತಾಯಿತೆಂದು ಹೊದಿಕೆ ಎಳೆಯುವ ಅವಸರವಿದೆ. ಇತ್ತ ನಿದ್ದೆಯ ಪದಗಳನ್ನು ಸಾವು ಮೊದಲೇ ಆಕ್ರಮಿಸಿಕೊಂಡುಬಿಟ್ಟಿದೆ. 'ಚಿರನಿದ್ರೆ', 'ಕಣ್ಣು ಮುಚ್ಚು', 'ಒರಗು' ಎಲ್ಲವೂ ಶ್ರದ್ಧಾಂಜಲಿಯ ಮಾತುಗಳು. 'ಮಲಗಿತು' ಎಂದರೆ ವ್ಯಾಪಾರ ಮುಳುಗಿತು ಎಂದೂ ಆಗುತ್ತದೆ. "ಮಲಗಿದ ಭಾಷೆ" ಎಂದು ಒಬ್ಬ ಸ್ನೇಹಿತರಿಗೆ ಓದಿ ಹೇಳಿದಾಗ ಅವರು ಅರ್ಥ ಮಾಡಿಕೊಂಡದ್ದು ಹಾಗೆಯೇ. ಅದಕ್ಕೇ ಈಗ "ಮಲಗಿರುವ" ಎಂದು ಮಾಡಿದ್ದೇನೆ. 'ಮಲಗಿದ' ಎನ್ನುವಾಗ ಕತೆ ಮುಗಿಯಿತು, 'ಮಲಗಿರುವ' ಎಂದಾಗ ಉಸಿರಾಟ ಕೇಳಿಸುತ್ತದೆ. ನಿಮಗೂ ಹಾಗೆ ಅನ್ನಿಸುತ್ತದೆಯೇ?

ಹಳೆಯದೊಂದು ಬಳಕೆ ನನ್ನನ್ನು ಬಿಡದೆ ಕಾಡುತ್ತಿದೆ: 'ನಿದ್ದೆ ತಿಳಿದೇಳು'. ಹಳಗನ್ನಡದಿಂದ ಬಂದದ್ದು. ನೀರು ತಿಳಿಯಾಗುವಂತೆ ನಿದ್ದೆ ತಿಳಿಯಾಗುತ್ತದೆ, ಆಮೇಲೆ ಮನುಷ್ಯ ಏಳುತ್ತಾನೆ. ಅರಿಯುವುದು, ತಿಳಿಯಾಗುವುದು ಎರಡೂ ಅದೇ ಧಾತುವಿನಲ್ಲಿವೆ. ನುಡಿಯ ವಿಷಯಕ್ಕೆ ಇದಕ್ಕಿಂತ ಹೊಂದುವ ಮಾತು ನನಗೆ ಕಂಡಿಲ್ಲ, ಕಲಿಯುವವರು ತಿಳಿದಷ್ಟೇ ಅದು ಏಳುವುದು. ಆದರೆ ಕರಪತ್ರದಲ್ಲಿ 'ತಿಳಿದೇಳುವ ನುಡಿಗಳು' ಎಂದರೆ ಇಂದಿನ ಓದುಗರು ಹಿಡಿಯುತ್ತಾರೆಯೇ? ನಿಮ್ಮ ಕಡೆ ಯಾರಾದರೂ ಮಾತಿನಲ್ಲಿ ಇದನ್ನು ಇನ್ನೂ ಬಳಸುತ್ತಾರೆಯೇ? ಹವ್ಯಕರಲ್ಲಿ, ಕುಂದಾಪುರದ ಕಡೆ, ಸೋಲಿಗರಲ್ಲಿ ಹೇಗೆ?

ಇದರ ಜೊತೆಗೆ ವಾಕ್ಯರಚನೆಯದ್ದೂ ಒಂದು ಪ್ರಶ್ನೆ. '-ಗೊಳಿಸು' ಹಚ್ಚಿದ ಕೂಡಲೇ ನುಡಿ ಕರ್ಮವಾಗುತ್ತದೆ, ಮಾಡುವವರು ಯಾರೋ ಹೊರಗಿನವರಾಗುತ್ತಾರೆ. "ಸರ್ಕಾರ ಭಾಷೆಗಳನ್ನು ಪುನರುಜ್ಜೀವನಗೊಳಿಸುತ್ತಿದೆ" ಎಂದು ನಮ್ಮ ಪತ್ರಿಕೆಗಳು ಸಲೀಸಾಗಿ ಬರೆದುಬಿಡುತ್ತವೆ. ಕಾಯ್ದೆ ಹೇಳುವುದು ಅದರ ತಿರುವುಮುರುವು: ಈ ನುಡಿಗಳನ್ನು ಕಾಪಿಟ್ಟುಕೊಂಡವರು ಅಬೊರಿಜಿನಲ್ ಜನ, ಅವು ಹೇಗೆ ಬೆಳೆಯಬೇಕು ಎಂದು ತೀರ್ಮಾನಿಸುವ ಹಕ್ಕೂ ಅವರದೇ. ಆದ್ದರಿಂದ ನಾನು ಸದ್ಯಕ್ಕೆ ಹೀಗೆ ಬರೆದಿದ್ದೇನೆ: "ತಮ್ಮ ನುಡಿಯನ್ನು ಮರಳಿ ನಾಲಿಗೆಗೆ ತಂದುಕೊಳ್ಳುತ್ತಿರುವ ಸಮುದಾಯಗಳಿಗೆ ನೆರವು." ಆ 'ಕೊಳ್ಳು' ಬಿಟ್ಟರೆ ವಾಕ್ಯದ ನ್ಯಾಯವೇ ಹೋಗುತ್ತದೆ. ಉದ್ದವಾಯಿತು ಎಂದು ನಮ್ಮ ಗುಂಪಿನವರೊಬ್ಬರ ತಕರಾರಿದೆ. ಉದ್ದವಾದರೂ ಇರಲಿ ಎಂಬುದು ನನ್ನ ನಿಲುವು.

'ಅನುದಾನ'ದ ಒಳಗಿನ 'ದಾನ' ಚುಚ್ಚುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅನುದಾನಿತ ಶಾಲೆ, ಅನುದಾನ ಬಿಡುಗಡೆ ಎಂದು ಸವೆದು ಸವೆದು ಅದರ ದಾನದ ಅರ್ಥ ಮಾಸಿದೆ ಎಂಬುದು ನನ್ನ ಎಣಿಕೆ. ಶೀರ್ಷಿಕೆಯಲ್ಲಿ 'ಅನುದಾನ', ಒಳಗೆ 'ನೆರವು' ಇಟ್ಟಿದ್ದೇನೆ. ಭಾಷಾ ಸಪ್ತಾಹದ ಸಂದರ್ಭಕ್ಕೆ 'ಭಾಷೆಯನ್ನು ಸಂಭ್ರಮಿಸು' ಎಂದು ಬರೆಯಲು ಕೈ ಬರಲಿಲ್ಲ. ನಾವು ಸಂಭ್ರಮ ಪಡುತ್ತೇವೆ, ಯಾವುದನ್ನಾದರೂ ಸಂಭ್ರಮಿಸುವುದಿಲ್ಲ. 'ನುಡಿಹಬ್ಬ' ಎಂದರೆ ಸಾಕು.

'ಅಬೊರಿಜಿನಲ್' ಪದವನ್ನೇ ಏಕೆ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. 'ಆದಿವಾಸಿ' ಎಂದರೆ ನಮ್ಮ ಓದುಗರ ಮನಸ್ಸು ನೇರ ನಾಗರಹೊಳೆಗೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತದೆ. 'ಬುಡಕಟ್ಟು' ಎಂದರೆ ಸಿಡ್ನಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ಲೆಕ್ಕ ಬರೆಯುವ ವಿರಾಜುರಿ ಸಹೋದ್ಯೋಗಿ ಅದರಲ್ಲಿ ಹಿಡಿಸುವುದಿಲ್ಲ. 'ಮೂಲನಿವಾಸಿ'ಗೆ ಕರ್ನಾಟಕದಲ್ಲಿ ತನ್ನದೇ ರಾಜಕೀಯ ಚರಿತ್ರೆ ಇದೆ. ಒಂದು ಸಲ ಅದನ್ನು ವಿವರಣೆಗೆ ಬಳಸಿ, ಉಳಿದ ಕಡೆ ಆಯಾ ಜನದ ಹೆಸರನ್ನೇ ಹೇಳುವುದು ಒಳ್ಳೆಯದು. ಆ ಹೆಸರುಗಳೂ ಎಂಥ ಚೆಂದ! ಗಮಿಲರಾಯ್ ನುಡಿಯಲ್ಲಿ 'ಗಮಿಲ್' ಎಂದರೆ 'ಇಲ್ಲ', ಮಿಕ್ಕ ಭಾಗಕ್ಕೆ 'ಉಳ್ಳ' ಎಂಬರ್ಥ. 'ಇಲ್ಲ' ಎನ್ನುವುದಕ್ಕೆ ಗಮಿಲ್ ಎನ್ನುವ ಜನ. ವಿರಾಜುರಿ ಹೆಸರೂ ಹಾಗೆಯೇ ಅವರ 'ಇಲ್ಲ'ದಿಂದ ಬಂದದ್ದು. ನಾವು ಅದೇ ದಾರಿ ಹಿಡಿದಿದ್ದರೆ ಧಾರವಾಡದವರು 'ಒಲ್ಲೆ'ಯವರು, ಮಂಡ್ಯದವರು 'ಬ್ಯಾಡ'ದವರು ಆಗುತ್ತಿದ್ದರು.

ಬರಹದ ವಿಷಯದಲ್ಲಿ ಮಾತ್ರ ಕನ್ನಡ ನಮ್ಮ ಕೈ ಹಿಡಿಯಿತು. ಕಳೆದ ವರ್ಷ ಇಲ್ಲಿನ ಗ್ರಂಥಾಲಯದಲ್ಲಿ ದರುಗ್ ಮಾತುಗಳ ಒಂದು ಗಂಟೆಯ ಪಾಠಕ್ಕೆ ಮಗಳ ಜೊತೆ ಹೋಗಿದ್ದೆ. ಕಲಿಸುತ್ತಿದ್ದ ಹಿರಿಯಮ್ಮ ತಾಯ್ನೆಲಕ್ಕೆ ಅವರಲ್ಲಿರುವ ಪದ ಹೇಳಿದರು: ಙುರ್ರಾ. ಪದದ ಮೊದಲಿಗೇ 'ಙ'. ಸುತ್ತ ಕೂತವರು ನುರ್ರಾ, ಗುರ್ರಾ ಎಂದು ತಡವರಿಸುತ್ತಿದ್ದರು. ನಾನು ಮಗಳಿಗೆ ಮೆಲ್ಲಗೆ "ಕ ಖ ಗ ಘ ಙ ಹೇಳು, ಕೊನೆಯದರಲ್ಲಿ ನಿಲ್ಲು" ಎಂದೆ. ನಿಂತಳು, ಅಲ್ಲಿಂದಲೇ ಮುಂದುವರಿಸಿದಳು. ಆ ಅಮ್ಮ ತಿರುಗಿ ನೋಡಿ, ಇನ್ನೊಮ್ಮೆ ಹೇಳು ಎಂದರು. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಅಕ್ಷರ, ಇದನ್ನು ತೆಗೆದುಹಾಕಬಹುದು ಎಂದು ನಾವು ಎಷ್ಟು ಸಲ ವಾದ ಮಾಡಿದ್ದೇವೆ! ಕೌರ್ಣದ ಮೂರ್ಧನ್ಯಗಳಿಗೂ (ನಾಲಿಗೆ ಹಿಂದಕ್ಕೆ ಮಡಚಿ ಆಡುವ ದನಿಗಳಿಗೂ) ನಮ್ಮ ಟ, ಣ, ಳ ಸರಿಯಾಗಿ ಹೊಂದುತ್ತವೆ, ಮುಕಂಟುವಿನ 'ಂಟ' ನಮ್ಮ 'ಗಂಟು'ವಿನದ್ದೇ. (ಇದನ್ನು ಹಿಡಿದು ದ್ರಾವಿಡ ನುಡಿಗಳಿಗೂ ಆಸ್ಟ್ರೇಲಿಯಾದ ನುಡಿಗಳಿಗೂ ರಕ್ತಸಂಬಂಧ ಎಂಬ ಹಳೆಯ ವಾದವನ್ನು ದಯವಿಟ್ಟು ಎತ್ತಬೇಡಿ. ಹತ್ತೊಂಬತ್ತನೇ ಶತಮಾನದ ಭಾಷಾತಜ್ಞ ಕಾಲ್ಡ್‌ವೆಲ್ ಕಾಲದ ಆ ಊಹೆಯನ್ನು ಇಂದಿನ ಭಾಷಾಶಾಸ್ತ್ರ ಒಪ್ಪುವುದಿಲ್ಲ.)

ಕೊನೆಯದಾಗಿ ಇನ್ನೊಂದು ಪದ. ಇದನ್ನು ಕೇಳಲೆಂದೇ ಮುಖ್ಯವಾಗಿ ಬರೆಯಲು ಕೂತದ್ದು. 1788ರಲ್ಲಿ ಬ್ರಿಟಿಷ್ ಹಡಗುಗಳ ಜೊತೆ ಬಂದ ವಿಲಿಯಂ ಡಾಸ್ ಎಂಬ ಅಧಿಕಾರಿ, ಪಟ್ಯೆಗರಾಂಗ್ ಎಂಬ ಎಳೆಯ ಹೆಣ್ಣುಮಗಳಿಂದ ಸಿಡ್ನಿಯ ನುಡಿ ಕಲಿತು 1790–91ರ ಹೊತ್ತಿಗೆ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟ. ಅವು ಈಗ ಲಂಡನ್ನಿನಲ್ಲಿವೆ. ಇಂದು ಆ ನುಡಿಯನ್ನು ಕಲಿಯುವವರಿಗೆ ಅವು ದೊಡ್ಡ ಆಸರೆ. ಅದರಲ್ಲಿ 'ಪುಟುವಾ' ಎಂಬ ಕ್ರಿಯಾಪದವಿದೆ. ಬೆಂಕಿಗೆ ತನ್ನ ಕೈ ಕಾಸಿಕೊಂಡು, ಆಮೇಲೆ ಇನ್ನೊಬ್ಬರ ಬೆರಳುಗಳನ್ನು ಮೆತ್ತಗೆ ಒತ್ತುವುದು ಎಂದು ಅರ್ಥ. ಇಷ್ಟೂ ಒಂದೇ ಪದದಲ್ಲಿ.

ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ನಮ್ಮಜ್ಜಿ ಅಗ್ಗಿಷ್ಟಿಕೆಯ ಮೇಲೆ ಅಂಗೈ ಹಿಡಿದು, ಬಿಸಿಯಾದ ಕೈಯಿಂದ ಮಗುವಿನ ಕಾಲು, ಹೊಟ್ಟೆ ಒತ್ತುತ್ತಿದ್ದುದನ್ನು ನೋಡಿದ್ದೇನೆ. 'ಶಾಖ ಕೊಡು' ಎನ್ನುತ್ತಿದ್ದೆವು, ಆದರೆ ಬಟ್ಟೆ ಕಾಸಿ ಇಟ್ಟರೂ ಅದು ಶಾಖವೇ. ಕೈಯಿಂದ ಕೈಗೆ ದಾಟುವ ಬಿಸಿಗೆಂದೇ ಇರುವ ಪದ ನಮ್ಮ ತೀರ್ಥಹಳ್ಳಿ ಕಡೆ ನಾನು ಕೇಳಿಲ್ಲ. ಅದೇ ಅಜ್ಜಿ ರಾತ್ರಿ ಬಚ್ಚಲೊಲೆಯ ಕುಂಟೆಗೆ (ಉರಿಯುವ ದಪ್ಪ ಕಟ್ಟಿಗೆಗೆ) ಬೂದಿ ಎಳೆದು ಮುಚ್ಚಿ, ಬೆಳಗಿನ ಜಾವ ಅದನ್ನು ಕೆದಕಿ ಊದುತ್ತಿದ್ದರು. ಬೆಂಕಿಕಡ್ಡಿ ಬೇಕಾಗುತ್ತಿರಲಿಲ್ಲ. 'ಬೂದಿ ಮುಚ್ಚಿದ ಕೆಂಡ' ಎನ್ನುವುದು ಇಂದು ಗಲಭೆಯ ಸುದ್ದಿಗೆ ಮೀಸಲಾಗಿಬಿಟ್ಟಿದೆ, ಇಲ್ಲವಾದರೆ ಈ ನುಡಿಗಳಿಗೆ ಅದನ್ನೇ ಹೇಳುತ್ತಿದ್ದೆ.

ಎರಡು ಪ್ರಶ್ನೆ ಕೇಳಿ ನಿಲ್ಲಿಸುತ್ತೇನೆ. ರಾತ್ರಿ ಕೆಂಡ ಮುಚ್ಚಿಟ್ಟು ಬೆಳಗ್ಗೆ ಅದರಿಂದಲೇ ಒಲೆ ಹೊತ್ತಿಸುವ ಕೆಲಸಕ್ಕೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ? ಕಾಸಿದ ಕೈಯಿಂದ ಇನ್ನೊಬ್ಬರ ಕೈ ಒತ್ತುವುದಕ್ಕೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಪದವಿದೆಯೇ? ತುಳು, ಕೊಡವ, ಬಡಗ, ಕೊರಗ ಯಾವುದರಲ್ಲಿದ್ದರೂ ಬರೆಯಿರಿ. ಆಡುವಾಗ ಹೇಗೆ ಕೇಳುತ್ತದೋ ಹಾಗೆಯೇ ಬರೆಯಿರಿ, ತಿದ್ದಬೇಡಿ.